ಉರಿಸದೆ ಕಾಪಾಡಿದ ಬಲ್ಬು

೧೯೫೯ನೆಯ ಇಸವಿ ಫೆಬ್ರವರಿ ಹದಿನೇಳು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಯಲಹಂಕದ ನಮ್ಮ ಉಪಾಧ್ಯಾಯರ ತರಬೇತಿ ಶಾಲೆಯ ಒಂದು ಕತ್ತಲೆ ಕೋಣೆಯಲ್ಲಿ ಬಲ್ಬು ಹೊತ್ತಿಕೊಂಡಿತು. ಈ ಸೆಪ್ಟೆಂಬರಿನಲ್ಲಿ, ಇಪ್ಪತ್ತೆಂಟು ವರ್ಷಗಳ ಸೇವೆಯ ನಂತರ ನಿವೃತ್ತರಾಗುತ್ತಿರುವ ವಿಜ್ಞಾನದ ಅಧ್ಯಾಪಕ ಶ್ರೀ ಮುನಿವೆಂಕಟಯ್ಯನವರನ್ನು ನೆನೆಯಲು ಹೊರಟವರು ಆ ಗಳಿಗೆಯಿಂದ ಆರಂಭಿಸುವುದೇ ಸರಿ. ಪಾಠದ ಕೋಣೆಯಲ್ಲಿ ಯಂತ್ರವನ್ನು ಬಳಸುವ ಬಗೆಯನ್ನು ಮುಂದೆ ಉಪಾಧ್ಯಾಯರಾಗುವವರಿಗೆ ಕಲಿಸಿದವರು ಈ ಕಡೆಯ ಊರುಗಳ ಮಟ್ಟಿಗೆ ಅವರೇ ಮೊದಲಿಗರು. ಹಾಗೆಂದು ಯಾರಾದರೂ ಹೊಗಳಿದರೆ ಅವರು ಕನ್ನಡಕ ತೆಗೆದು ಕಣ್ಣೊರಸಿಕೊಂಡು, ಆ ಮಂಗಳವಾರದವರೆಗೆ ತಾವು ಕಲಿಸಿದ್ದು ಅರ್ಧವೇ ಎಂದು ಮೆಲ್ಲಗೆ ತಿದ್ದುತ್ತಾರೆ.

ಬ್ಯಾಟರಾಯನಪುರದ ಬೇಸಾಯದ ಮನೆತನದಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ೧೯೪೦ರಲ್ಲಿ ಕೆಲಸಕ್ಕೆ ಸೇರಿದ ಅವರು ದಿನವೂ ಸೈಕಲ್ಲಿನಲ್ಲೇ ಬಂದು ಹೋದರು. ಬಳ್ಳಾರಿ ರಸ್ತೆಯ ಎದುರುಗಾಳಿ ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ ಎಂದು ಅವರಿಗೆ ಅನ್ನಿಸತೊಡಗಿದ ಹೊತ್ತಿಗೆ, ೧೯೫೫ರಲ್ಲಿ, ಶಾಲೆಗೆ ಪ್ರೊಜೆಕ್ಟರ್ ಬಂತು. ಸುರುಳಿಯಲ್ಲಿರುವ ಚಿತ್ರಗಳನ್ನು ಒಂದೊಂದಾಗಿ ಗೋಡೆಯ ಮೇಲೆ ಬೀಳಿಸುವ ಸಣ್ಣ ಯಂತ್ರ ಅದು. ಜೊತೆಗೆ ಎರಡು ಬಲ್ಬು. ಯಂತ್ರ ಕಾದಿರುವಾಗಲೇ ಯಾರೋ ಅದನ್ನು ಎತ್ತಿ ಪಕ್ಕಕ್ಕಿಟ್ಟಿದ್ದರಿಂದ ಮೊದಲನೆಯ ಬಲ್ಬಿನ ತಂತಿ ಆ ವಾರವೇ ತುಂಡಾಯಿತು. ಹೊಸದಕ್ಕೆ ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಉಳಿದೊಂದನ್ನು ಮುನಿವೆಂಕಟಯ್ಯನವರು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಯಂತ್ರದ ಪಾಠವನ್ನು ಪರೀಕ್ಷೆಗೆ ಸೇರಿಸುವ ದಿನ ಬಂದಾಗ ಹಚ್ಚಿದರಾಯಿತು, ಅಲ್ಲಿಯವರೆಗೆ ಮುಟ್ಟಕೂಡದು ಎಂದರು. ಆ ದಿನ ಬರಲು ನಾಲ್ಕು ವರ್ಷ ಹಿಡಿಯಿತು.

ಆ ನಾಲ್ಕು ವರ್ಷವೂ ಕಲಿಕೆ ನಿಲ್ಲಲಿಲ್ಲ. ಒಬ್ಬರು ದೀಪವಿಲ್ಲದ ಯಂತ್ರಕ್ಕೆ ಸುರುಳಿ ಹಾಕಿ ಗುಂಡಿ ತಿರುಗಿಸುವುದು, ಇನ್ನೊಬ್ಬರು ಖಾಲಿ ಗೋಡೆಯ ಮುಂದೆ ನಿಂತು ಗೇಣುದ್ದದ ಕಡ್ಡಿಯಿಂದ ಇಲ್ಲದ ಚಿತ್ರವನ್ನು ತೋರಿಸಿ ವಿವರಿಸುವುದು. ಹೆಬ್ಬಾಳದಿಂದ ಬರುತ್ತಿದ್ದ ದಿಲ್ಶಾದ್ ಎಂಬ ವಿದ್ಯಾರ್ಥಿನಿ ಒಮ್ಮೆ, "ಟಿಕೆಟ್ ಹರಿದು ಒಳಗೆ ಕೂರ್ಸಿ, ಸಿನಿಮಾ ಒಂದ್ ಮಾತ್ರ ತೋರ್ಸದೆ ಇರೋ ಟಾಕೀಸ್ ಸಾರ್ ನಮ್ದು" ಎಂದಾಗ ಅವರೂ ನಕ್ಕರು. ಬೀರುವಿನ ಬೀಗದ ಕೈ ಮಾತ್ರ ಜೇಬಿನಿಂದ ಹೊರಬರಲಿಲ್ಲ.

ಆ ಮಂಗಳವಾರ ಪರೀಕ್ಷೆಗೆ ಮೊದಲಿಗರಾಗಿ ನಿಂತವರು ಅಬ್ಬಿಗೆರೆಯ ರಾಮಲಕ್ಷ್ಮಮ್ಮ. ಅವರ ಊರಿನಲ್ಲಿ ಜೂನ್ ತಿಂಗಳಿಗೆ ಹೊಸ ಶಾಲೆ ತೆರೆಯುವುದಿತ್ತು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅಲ್ಲಿನ ಕೆಲಸ ಅವರಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಖಾಲಿ ಗೋಡೆಯ ಮುಂದೆ ಅವರಷ್ಟು ಚೆನ್ನಾಗಿ ಪಾಠ ಹೇಳಿದವರು ಇರಲಿಲ್ಲವಾದ್ದರಿಂದ ಮುನಿವೆಂಕಟಯ್ಯನವರು ನಿಶ್ಚಿಂತರಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು.

ಕಿಟಕಿಗಳಿಗೆ ಬಿದಿರಿನ ಗಳು ಕಟ್ಟಿ ಕಂಬಳಿ ಇಳಿಬಿಟ್ಟಿತ್ತು. ಪಾಠ ಕೇಳಲು ಕರೆತಂದ ಊರಿನ ಮಕ್ಕಳು ಮುಂದೆ ಕುಳಿತಿದ್ದರು, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು. ಬಲ್ಬು ಹೊತ್ತಿತು, ಮೊಳಕೆಯೊಡೆದ ಅವರೆಕಾಳು ಗೋಡೆಯ ಮೇಲೆ ಮೂಡಿತು. ರಾಮಲಕ್ಷ್ಮಮ್ಮ ಕಲಿತಿದ್ದಂತೆಯೇ ಗೋಡೆಯ ನಡುಮಧ್ಯಕ್ಕೆ ಬಂದು, ಕಡ್ಡಿ ಹಿಡಿದು ಚಿತ್ರದತ್ತ ತಿರುಗಿ ನಿಂತರು. ಚಿತ್ರ ಮಾಯವಾಯಿತು. ಅವರ ಕಪ್ಪು ನೆರಳಷ್ಟೇ ಗೋಡೆಯ ಮೇಲೆ ಉಳಿಯಿತು.

"ಅಮ್ಮಾವ್ರ ಬೆನ್ ಮೇಲೆ ಬೇರ್ ಬಿಟ್ಟೈತೆ ಕಣ್ಲಾ" ಎಂದಿತು ಒಂದು ಮಗು. ಕೋಣೆಯೆಲ್ಲ ನಕ್ಕಿತು. ಅವರು ಇತ್ತ ತಿರುಗಿ ಎಡಕ್ಕೆ ಸರಿದರೆ ಕಾಂಡ ಸೀರೆಯ ಮೇಲೆ ಬಿತ್ತು, ಬಲಕ್ಕೆ ಸರಿದರೆ ಎಲೆ ಮುಖದ ಮೇಲೆ. ಪರೀಕ್ಷಕರು ಲೇಖನಿ ತೆರೆದರು.

ಮುನಿವೆಂಕಟಯ್ಯನವರಿಗೆ ಬೆಂಚಿನಿಂದ ಏಳುವುದೇ ಭಾರವಾಯಿತು. ಬೆಳಕಿಗೆ ಅಡ್ಡ ನಿಂತರೆ ನೆರಳು ಬೀಳುತ್ತದೆ ಎಂಬುದನ್ನು ಇದೇ ಕೋಣೆಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದವರು ಅವರು. ಎದ್ದು ಪರೀಕ್ಷಕರ ಬಳಿ ಹೋಗಿ ಹೇಳಿದರು: "ಈ ತಪ್ಪು ಆ ಹೆಣ್ಣುಮಗಳದ್ದಲ್ಲ ಸ್ವಾಮಿ. ನಾನು ದೀಪ ಹಚ್ಚಿ ಕಲಿಸ್ಲೇ ಇಲ್ಲ."

"ಹಾಗಾದ್ರೆ ಅಂಕ ಯಾರಿಗೆ ಕಳೀಲಿ, ನಿಮಗಾ?" ಎಂದರು ಪರೀಕ್ಷಕರು. ಅವರೂ ಅಂದು ಎರಡು ಬಸ್ಸು ಬದಲಾಯಿಸಿ ಬಂದವರು. ಗಡಿಯಾರ ನೋಡಿಕೊಂಡು, ಮೂರು ಗಂಟೆಗೆ ಇನ್ನೊಮ್ಮೆ ನೋಡುತ್ತೇನೆ ಎಂದು ಲೇಖನಿ ಮುಚ್ಚಿದರು.

ಊಟದ ಹೊತ್ತಿನಲ್ಲಿ ಮೇಷ್ಟರು, ರಾಮಲಕ್ಷ್ಮಮ್ಮ ಮತ್ತು ದಿಲ್ಶಾದ್ ಮೂವರೇ ಆ ಕೋಣೆಯಲ್ಲಿ ಉಳಿದರು. ಮೇಷ್ಟರು ದೀಪ ಹಚ್ಚು ಎಂದಾಗ ದಿಲ್ಶಾದ್ ಕೈ ಹಿಂದೆಗೆದಳು. ಮೂರು ಗಂಟೆಗೆ ಮುಂಚೆಯೇ ಬಲ್ಬು ಹೋಗಿಬಿಟ್ಟರೆ ಇವಳ ಗತಿ ಏನು ಸಾರ್ ಎಂದು ಕೇಳಿದಳು.

"ಉರಿಸ್ದೆ ಇಟ್ರೆ ಮೂರು ಗಂಟೆಗೂ ಇದೇ ತಪ್ಪೇ ಆಗೋದು ಕಣಮ್ಮ. ಕಾಪಾಡಿ ಕಾಪಾಡಿ ಸಾಕಾಗಿದೆ ನಂಗೆ. ಹಚ್ಚು."

ನಾಲ್ಕು ವರ್ಷ ಹತ್ತಿಯಲ್ಲಿದ್ದ ಬೆಳಕು ಆ ಮಧ್ಯಾಹ್ನ ಧಾರಾಳವಾಗಿ ಉರಿಯಿತು. ರಾಮಲಕ್ಷ್ಮಮ್ಮ ಬೆಳಕಿನ ಅಂಚನ್ನು ಕಾಲಿನಿಂದ ಹುಡುಕುತ್ತಾ ಹೋಗಿ ಅದರ ಹೊರಗೆ ನಿಂತರು. ಅಲ್ಲಿಂದ ಕಡ್ಡಿ ಎಟುಕಲಿಲ್ಲ. ಅತ್ತಿತ್ತ ನೋಡಿ, ಕಿಟಕಿಯ ಕಂಬಳಿಯನ್ನು ಮೊಳೆಗೆ ಸಿಕ್ಕಿಸಿ, ಅದನ್ನು ಹೊತ್ತಿದ್ದ ಬಿದಿರಿನ ಗಳುವನ್ನೇ ಬಿಚ್ಚಿಕೊಂಡರು. ಗಳುವಿನ ತುದಿ ಬೇರಿಗೆ ಮುಟ್ಟಿತು. ಗೋಡೆಯ ಮೇಲೆ ಒಂದು ಗೆರೆಯಷ್ಟೇ ನೆರಳು. ಮೇಷ್ಟರು ತಲೆಯಾಡಿಸಿ, ಕುರ್ಚಿಯಲ್ಲಿ ಕುಳಿತಲ್ಲೇ ಕಣ್ಣು ಮುಚ್ಚಿದರು.

ಮೂರು ಗಂಟೆಯ ಪಾಠಕ್ಕೆ ಬಲ್ಬು ಉಳಿದಿತ್ತು. ರಾಮಲಕ್ಷ್ಮಮ್ಮ ಇಂದಿಗೂ ಅಬ್ಬಿಗೆರೆಯಲ್ಲಿ ಪಾಠ ಹೇಳುತ್ತಿದ್ದಾರೆ. ಆ ವಾರದಿಂದ ಮುನಿವೆಂಕಟಯ್ಯನವರು ಪ್ರತಿಯೊಬ್ಬ ವಿದ್ಯಾರ್ಥಿಗೂ ದೀಪ ಹಚ್ಚಿಯೇ ಕಲಿಸಿದರು. ಆ ವರ್ಷದ ಮಳೆಗಾಲದ ಒಂದು ಸಾಧಾರಣ ದಿನ ಬಲ್ಬು ಹೋದಾಗ ಕಂಬಳಿ ಸರಿಸಲು ಹೇಳಿ, ಇನ್ನೊಂದು ಅರ್ಜಿ ಬರೆಯಲು ಕುಳಿತರು. ಅನಂತರದ ಒಂಬತ್ತು ವರ್ಷಗಳ ಸೇವೆಯಲ್ಲಿ ಅವರು ಪಾಠ ಹೇಳಿದ್ದಕ್ಕಿಂತ ಅರ್ಜಿ ಬರೆದೇ ಹೆಚ್ಚು ದಣಿದರೆಂದರೆ ತಪ್ಪಾಗಲಾರದು.

ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದರೆ, ಮಧ್ಯಾಹ್ನ ಮಲಗಬೇಕು ಎಂದಷ್ಟೇ ಹೇಳಿದ್ದಾರೆ. ಅವರಿಗೆ ಮೊದಲು ಆ ನಿದ್ದೆ ಸಿಗಲಿ, ಆಮೇಲೆ ದೀರ್ಘಾಯುಷ್ಯ. ದಣಿವು ಆರಿದ ಮೇಲೆ, ಗಾಳಿ ಎದುರಿಲ್ಲದ ಒಂದು ದಿನ ನೋಡಿಕೊಂಡು, ಹೊಸ ವಿದ್ಯಾರ್ಥಿಗಳಿಗೆ ನಿಲ್ಲುವ ಜಾಗ ತೋರಿಸಲು ಅವರು ಬರುತ್ತಿರಲಿ. ರಾಮಲಕ್ಷ್ಮಮ್ಮ ಬಿಚ್ಚಿಕೊಂಡ ಆ ಬಿದಿರು ಮತ್ತೆ ಕಿಟಕಿಗೆ ಹೋಗಲಿಲ್ಲ. ಈಗಲೂ ಆ ಕೋಣೆಯ ಮೂಲೆಯಲ್ಲೇ ಒರಗಿದೆ. ಅದರ ಉದ್ದ ಐದು ಅಡಿ ಎಂಟು ಅಂಗುಲ.