ದಾಕ್ಷಾಯಿಣಿಯ ಹೊಸ ಶ್ರುತಿ

ಹ್ಯಾಂಡ್‌ಬಿಲ್ಲಿನಲ್ಲಿ ‘ದಾಕ್ಷಾಯಿಣಿ ಕುಲಗೋಡ’ ಎಂಬ ಹೆಸರು ಕಂಡರೆ ಸಾಕು, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ನಾಟಕದ ಅಂಗಳ ತುಂಬುತ್ತಿತ್ತು. ಊರ ಗಂಡಸರು ತಾವೇ ಬಣ್ಣ ಹಚ್ಚಿ ನಾಟಕ ಆಡುತ್ತಾರೆ. ನಾಯಕಿಯ ಪಾತ್ರಕ್ಕೆ ಮಾತ್ರ ಹಾಡುವ ಹೆಣ್ಣುಮಗಳನ್ನು ಹೊರಗಿನಿಂದ ಕರೆಸುತ್ತಾರೆ. ಇಪ್ಪತ್ತಾರು ವರ್ಷ ಆಕೆ ಹಾಗೆ ಹೋಗಿ ಹಾಡಿ ಬಂದಳು. ನಡುವೆ ಮೂರು ಸಿನಿಮಾಗಳಲ್ಲಿ ಅಕ್ಕ, ಅತ್ತಿಗೆಯಾದಳು. ಒಂದರಲ್ಲಿ ಹಾಡನ್ನೂ ಹಾಡಿದಳು. ಆಕೆಯ ಶ್ರುತಿ ಕರಿ ನಾಲ್ಕು, ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಅಲ್ಲಿ ಏರಿ ನಿಂತಳೆಂದರೆ ಮೈಕೇ ಬೇಡ ಎನ್ನುತ್ತಿದ್ದರು ಜನ.

ಹೋದ ವರ್ಷ ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಮೂರು ತಿಂಗಳ ಮೇಲೆ ಲಿಂಗಪೂಜೆಗೆ ಕುಳಿತು ಹಾಡಲು ಬಾಯಿ ತೆರೆದಾಗ ಬಂದದ್ದು ತನ್ನ ದನಿಯಲ್ಲ, ಯಾರೋ ಮುದುಕಿಯದು ಎನಿಸಿತು. ಅಂಗೈಯ ಲಿಂಗಕ್ಕೆ ಅಂದು ಹಾಡಿಲ್ಲದೆಯೇ ಪೂಜೆ ಮುಗಿಸಿದಳು.

ಹುಕ್ಕೇರಿ ಬಾಜೂದ ಒಂದು ಹಳ್ಳಿಯವರು ಆಪರೇಷನ್ನಿಗೆ ಮುಂಚೆಯೇ ವೀಳ್ಯ ಕೊಟ್ಟು ಪಾತ್ರ ಒಪ್ಪಿಸಿದ್ದರು. ಫೋನಿನಲ್ಲಿ ಹೇಳಲು ಮನಸ್ಸು ಬಾರದೆ, ಒಲ್ಲೆ ಎನ್ನಲೆಂದೇ ತಾಲೀಮಿನ ಮಧ್ಯಾಹ್ನ ಬಸ್ಸು ಹತ್ತಿದಳು.

“ಮಾಸ್ತರ, ಈ ಸಲ ಬ್ಯಾರೆ ಯಾರನ್ನರ ನೋಡ್ರಿ. ನನ್ನ ದನಿ ಬಾವಿಗೆ ಬಿದ್ದೈತಿ,” ಎಂದಳು.

ಹಾರ್ಮೋನಿಯಂ ನುಡಿಸುವ ಕೇದಾರಿ ಮಾಸ್ತರರು ಆಕೆಯ ಮೊದಲ ನಾಟಕದಿಂದಲೂ ಜೊತೆಗಿದ್ದವರು. “ಬಾವ್ಯಾಗ ನೀರ ಇರ್ತಾವ ತಂಗಿ. ಎಷ್ಟ ಆಳ ಐತಿ ನೋಡೂಣು, ಕುಂದ್ರ.”

ಕರಿ ನಾಲ್ಕಕ್ಕೆ ಗಂಟಲು ಒಡೆಯಿತು. ಮೂರಕ್ಕೆ ಕೆಮ್ಮು ಬಂತು. ಎರಡಕ್ಕೆ ದನಿ ನಡುಗಿತು. ಆಕೆ ಸೆರಗು ಸರಿಪಡಿಸಿಕೊಂಡು ಎದ್ದೇಬಿಟ್ಟಳು. ಮಾಸ್ತರರ ಬೆರಳು ಮೊದಲನೆಯ ಕಪ್ಪು ಮನೆಗೆ ಇಳಿಯಿತು.

“ಅದು ಗಂಡಸರ ಶ್ರುತಿರಿ.”

“ಅದರ ಮ್ಯಾಲ ಗಂಡಸರ ಹೆಸರ ಬರದೈತೇನ? ಹಾಡ.”

ನಿಂತೇ ಹಾಡಿದಳು. ದನಿ ಬಂತು. ಹಿಂದಿನ ಮಿಂಚಿರಲಿಲ್ಲ, ಆದರೆ ದಪ್ಪಗೆ, ಅಲುಗದೆ ಬಂತು. ಮುಂದಿನ ಸಾಲು ನಾಯಕನದು. ಟ್ರ್ಯಾಕ್ಟರ್ ಹೊಡೆಯುವ ಹೊಳೆಪ್ಪ ಹತ್ತು ವರ್ಷದಿಂದ ಆ ಊರ ನಾಟಕದಲ್ಲಿ ಆಕೆಯ ಎದುರು ನಾಯಕ. ಪ್ರತಿ ಸಲ ಆಕೆಯ ಕರಿ ನಾಲ್ಕರ ಬೆನ್ನು ಹತ್ತಿ ಅವನ ಕುತ್ತಿಗೆಯ ನರಗಳು ಉಬ್ಬುತ್ತಿದ್ದವು, ಕೂತವರು ನಗುತ್ತಿದ್ದರು. ಇಂದು ಅವನ ಸಾಲು ಎಣ್ಣೆಯಂತೆ ಹರಿಯಿತು. ತನಗೇ ಗಾಬರಿಯಾಗಿ ನಡುವೆಯೇ ನಿಂತ.

“ಯಾಕ ನಿಂತಿ ಲೇ?” ಎಂದರು ಮಾಸ್ತರರು.

“ನನಗ ಹಾಡಾಕ ಬರ್ತೈತಿ ಅಂತ ಇವತ್ತ ಗೊತ್ತಾತ್ರಿ!”

“ಹತ್ತ ವರ್ಷ ಕತ್ತೆ ಒದರಿದಂಗ ಒದರಿ, ಈಗ ಗೊತ್ತಾತ?” ಎಂದ ಖಳನ ಪಾತ್ರದ ಮಾಲಿಂಗ.

ಹೊಳೆಪ್ಪ ದಾಕ್ಷಾಯಿಣಿಗೆ ಕೈಮುಗಿದ. “ಅಕ್ಕಾರ, ಅಲ್ಲೇ ಇರ್ರಿ. ಮತ್ತ ಮ್ಯಾಲ ಹತ್ತಬ್ಯಾಡ್ರಿ.”

ಆಕೆಗೆ ನಗು ಬಂತು, ನಾಚಿಕೆಯೂ ಆಯಿತು. ಎಷ್ಟು ಊರುಗಳ ಎಷ್ಟು ಹೊಳೆಪ್ಪಂದಿರು ತನ್ನ ಎತ್ತರಕ್ಕೆ ಹತ್ತಲು ಹೋಗಿ ಜಾರಿದ್ದರೋ! ಶಿವನೇ, ಇದು ಇಷ್ಟು ದಿನ ಕಾಣಲಿಲ್ಲವಲ್ಲ ಎಂದುಕೊಂಡಳು.

ಆ ನಾಟಕ ನಡೆಯಿತು. ಆಮೇಲೆ ಕೌಜಲಗಿಯಿಂದಲೂ ಕರೆ ಬಂತು. ಈ ವರ್ಷ ಒಂದು ಸಿನಿಮಾದಲ್ಲಿ ತಾಯಿಯಾಗಿದ್ದಾಳೆ, ಹಾಡೂ ಆಕೆಯದೇ ದನಿಯಲ್ಲಿದೆ. ಈಗ ವೀಳ್ಯ ತಂದವರಿಗೆ ಆಕೆ ಚಹಾ ಕೊಟ್ಟು ಮೊದಲು ಕೇಳುವುದು ಒಂದೇ ಮಾತು: “ನಾಯಕನ ಪಾರ್ಟ್ ಯಾರ್ದರಿ? ಅವರಿಗೆ ಯಾವ ಶ್ರುತಿ ಕೂಡತೈತಿ?”