ಪಂಚಮಿ ಹಾಲಿನ ನಾತ

ಹಾಲು ಕಾಯುವ ವಾಸನೆ ಬಂದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ. ಚಹಾ ಕೂಡ ಹಾಲಿಲ್ಲದ ಕರಿ ಚಹಾನೇ ಕುಡಿಯುತ್ತೇನೆ. ಯಾಕೆಂದು ಕೇಳಿದವರಿಗೆ ಪಿತ್ತ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಶಹಾಬಾದಿಗೂ ವಾಡಿಗೂ ನಡುವೆ ಒಂದು ಪ್ರಾಣಿಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದೆ. ಸಂಗ್ರಹಾಲಯ ಎನ್ನುವುದೇ ದೊಡ್ಡ ಮಾತು. ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಖಣಿಯ ಸಾವ್ಕಾರರೊಬ್ಬರು, ಕಲ್ಲು ಮುಗಿದುಹೋದ ಒಂದು ಖಣಿಯ ದಂಡೆಗೆ ಜಾಲರಿ ಹೊಡೆಸಿ, ನವಿಲು, ಮೊಲ, ಆಮೆ, ಒಂದು ಮುಳ್ಳುಹಂದಿ ಮತ್ತು ನಾಲ್ಕಾರು ಹಾವುಗಳನ್ನು ಇಟ್ಟಿದ್ದರು. ಅವುಗಳ ಊಟ, ಹೇಲು, ರೋಗ ಎಲ್ಲ ನನ್ನ ಪಾಲಿಗೆ. ಉಳಿದ ದಿನ ನೊಣ ಹೊಡೆಯುತ್ತ ಕೂಡುತ್ತಿದ್ದೆ. ಹಬ್ಬ ಬಂದರೆ ಮಾತ್ರ ಸೇಡಂ, ಚಿತ್ತಾಪುರ ಕಡೆಯಿಂದಲೂ ಟೆಂಪೋ ತುಂಬಿ ಜನ ಬರುತ್ತಿದ್ದರು. ಸಂಕ್ರಾಂತಿಗೆ ನವಿಲಿಗೆ ಕುಸುರೆಳ್ಳು, ಯುಗಾದಿಗೆ ಮೊಲಕ್ಕೆ ಹೋಳಿಗೆ. ತಮಗೆ ಸಾಕಾದದ್ದನ್ನೆಲ್ಲ ಮೂಕಪ್ರಾಣಿಯ ಬಾಯಿಗೆ ತುರುಕಿ, ಅದನ್ನೇ ಪುಣ್ಯ ಎನ್ನುತ್ತಿದ್ದರು.

ಎಲ್ಲದಕ್ಕಿಂತ ಹೊಲಸು ಹಬ್ಬ ನಾಗರಪಂಚಮಿ.

ಆ ವರ್ಷ ನಮ್ಮಲ್ಲಿ ಒಂದು ನಾಗರಹಾವಿತ್ತು. ಖಣಿಯ ಕೂಲಿಯವರು ಕಲ್ಲು ಎಬ್ಬಿಸುವಾಗ ಸಿಕ್ಕಿದ್ದು. ಬಾಯಿಗೆ ಪೆಟ್ಟು ಬಿದ್ದು ಹುಣ್ಣಾಗಿತ್ತು. ಚಿತ್ತಾಪುರದಿಂದ ದನದ ಡಾಕ್ಟರನ್ನು ಕರೆಸಿದ್ದೆ. "ಔಷಧ ಹಚ್ಚರಿ, ಒಣಾ ಜಾಗಾದಾಗ ಇಡ್ರಿ. ಹಾಲುಗೀಲು ಬಾಯಾಗ ಹೋತಂದ್ರ ಉಳಿಯಂಗಿಲ್ಲ ನೋಡ್ರಿ," ಎಂದು ಹೇಳಿ ಹೋದರು. ಎರಡು ತಿಂಗಳು ಅದರ ತಲೆ ಹಿಡಿದು ಬಾಯಿಗೆ ಔಷಧ ಹಚ್ಚಿದೆ. ಪಂಚಮಿ ಹತ್ತಿರ ಬಂದಾಗ ಒಂದು ದಿನ ಅದು ತಾನಾಗಿ ಇಲಿ ನುಂಗಿತು. ನನ್ನ ಮಗ ಮ್ಯಾಟ್ರಿಕ್ ಪಾಸಾದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಅಷ್ಟರಲ್ಲಿ ಸಾವ್ಕಾರರು ಬಂದರು.

"ಇವತ್ತಿನಿಂದ ಅದಕ್ಕ ನೀರು ಇಡಬ್ಯಾಡ. ಬಾಯಿ ಒಣಗ್ಲಿ. ಪಂಚಮಿ ದಿನ ಗಟಗಟ ಹಾಲು ಕುಡೀಬೇಕು, ಮಂದಿ ಕಣ್ಣಿಲೆ ನೋಡಬೇಕು."

ಮೈಯೆಲ್ಲ ಉರಿಯಿತು. ಆದರೆ ಸಾವ್ಕಾರರ ಎದುರು ಡಾಕ್ಟರ ಮಾತು ನಡೆಯುವುದಿಲ್ಲ, ದೇವರ ಹೆದರಿಕೆ ನಡೆಯುತ್ತದೆ. "ಪೊರಿ ಬಿಡಾಕತ್ತಾನ್ರಿ ನಾಗಪ್ಪ. ಈಗ ಮಂದಿ ಕಣ್ಣು ಬಿದ್ರ ಮನಿತನಕ್ಕ ಛಲೋ ಅಲ್ಲಂತ್ರಿ," ಎಂದೆ. ಅವರ ಮುಖ ಸಣ್ಣದಾಯಿತು. ಪಂಜರದಲ್ಲಿ ಕಲ್ಲಿನ ನಾಗರ ಇಡಲು ಒಪ್ಪಿದರು. ಹಾವನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹಾಕಿ ಹಿಂದಿನ ಮೇವಿನ ಖೋಲಿಯಲ್ಲಿಟ್ಟೆ. ಉಸಿರಾಡಲು ಮುಚ್ಚಳಕ್ಕೆ ತೂತು ಕೊರೆದಿದ್ದೆ.

ಹಬ್ಬದ ದಿನ ಬೆಳಗಿನಿಂದಲೇ ಹಾಲಿನ ಹೊಳೆ. ಮನೆಯ ಒಬ್ಬೊಬ್ಬರ ಹೆಸರು ಹಿಡಿದು, ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಎಂದು ಕೊಬ್ಬರಿ ಬಟ್ಟಲಿನಿಂದ ಎರೆದದ್ದೇ ಎರೆದದ್ದು. ಜೋಳದ ಅಳ್ಳು, ಕುಂಕುಮ, ಊದಿನಕಡ್ಡಿಯ ಬೂದಿ ಎಲ್ಲ ಸೇರಿ ಫರ್ಸಿಯ ಸಂದಿಯಲ್ಲಿ ಗುಲಾಬಿ ಬಣ್ಣದ ರಾಡಿ. ಹಾಲು ಉಳಿದರೆ ಮನೆಗೆ ಒಯ್ಯಬಾರದಂತೆ. ಆಮೆಯ ಬೆನ್ನಿಗೆ ಸುರಿದರು, ಮೊಲದ ಗೂಡಿಗೆ ಸುರಿದರು. ಇಸ್ತ್ರಿ ಅಂಗಿಯ ಒಬ್ಬ ದೊಡ್ಡ ಮನುಷ್ಯ ಮುಳ್ಳುಹಂದಿಗೂ ಎರೆದು, ಕೈಮುಗಿದು, ಅಲ್ಲೇ ಗುಟ್ಕಾ ಉಗುಳಿದ. ಮಧ್ಯಾಹ್ನದ ಧಗೆಗೆ ಹಾಲು ಒಡೆದು ನಾರತೊಡಗಿತು. ನೊಣಗಳು ಕಣ್ಣಿಗೆ, ಮೂಗಿಗೆ ಕೂಡುತ್ತಿದ್ದವು. ಥೂ, ಭಕ್ತಿಗೆ ಅಂಥ ನಾತ ಇರುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎರಡು ಸಲ ಖಣಿಯ ಕಡೆ ಹೋಗಿ ಕಾರಿಕೊಂಡು ಬಂದೆ. ಆದರೂ ಒಳಗೊಳಗೆ ನಗುತ್ತಿದ್ದೆ. ನನ್ನ ಹಾವು ಒಣಗಿದ ಹುಲ್ಲಿನ ಮೇಲೆ ಬೆಚ್ಚಗಿತ್ತು.

ಅದೇ ದಿನ ಅವ್ವ ನಾಲವಾರದಿಂದ ರೈಲಿಗೆ ಬಂದಿದ್ದಳು, ಕೈಯಲ್ಲಿ ಉಂಡಿಯ ಗಂಟು. ಜನರ ನೂಕಾಟದಲ್ಲಿ ಮುದುಕಿ ಬಿದ್ದಾಳು ಎಂದು ಮೇವಿನ ಖೋಲಿಯಲ್ಲಿ ಕೂಡಿಸಿದೆ. "ಆ ಪೆಟಗಿ ಮುಟ್ಟಬ್ಯಾಡವ್ವ, ನಾಗಪ್ಪ ಅದಾನ," ಎಂದು ಎಚ್ಚರಿಸಿಯೇ ಹೋಗಿದ್ದೆ.

ಸಂಜೆ ನೆಲ ತೊಳೆದು, ನಾರುವ ಮೈಯಲ್ಲೇ ಖೋಲಿಗೆ ಬಂದೆ. ಅವ್ವ ಪೆಟ್ಟಿಗೆಯ ಮುಂದೆ ಕೈಮುಗಿದು ಕೂತಿದ್ದಳು. ಪಕ್ಕದಲ್ಲಿ ಅವಳ ಗಂಟಿನೊಳಗಿದ್ದ ಹಾಲಿನ ತಂಬಿಗೆ, ಬರಿದಾಗಿತ್ತು. ಮುಚ್ಚಳದ ತೂತುಗಳ ಸುತ್ತ ಹಾಲು.

"ಏನ್ ಮಾಡಿದವ್ವ?"

"ಮುಟ್ಟಿಲ್ಲಪ್ಪ ನಾ. ಮ್ಯಾಲಿಂದನೇ ಹಾಕೀನಿ. ನಮ್ಮದು ಯಾರ ಪಾಲೂ ಹಾಕಿಲ್ಲ, ಎಲ್ಲಾ ನನ್ನ ಮಗನ ಪಾಲಂತ ಎರದೀನಿ. ಇನ್ನ ಯಾವ ಹಾವೂ ನಿನಗ ಹಲ್ಲು ಹಚ್ಚಂಗಿಲ್ಲ."

ಮುಚ್ಚಳ ತೆಗೆದೆ. ತೊಯ್ದ ಹುಲ್ಲಿನಲ್ಲಿ ಹಾವು ತಲೆ ಮೇಲೆತ್ತಿ ಬಾಯಿ ತೆರೆದಿತ್ತು. ಮೂಗಿನಿಂದ ಹಾಲಿನ ಗುಳ್ಳೆಗಳು ಬರುತ್ತಿದ್ದವು. ಒರೆಸಿದೆ, ಒಣಗಿಸಿದೆ, ಮತ್ತೆ ಡಾಕ್ಟರನ್ನು ಕರೆಸಿದೆ. ಮೂರನೆಯ ದಿನ ಸತ್ತಿತು. ಶ್ರಾವಣದಾಗ ಹೋತು, ಪುಣ್ಯವಂತ ಹಾವು ಎಂದರು ಸಾವ್ಕಾರರು. ತುಪ್ಪ ಹಾಕಿ ಸುಡಿಸಿದರು. ಸುಡುವಾಗಲೂ ಯಾರೋ ಒಂದು ಚರಿಗೆ ಹಾಲು ತಂದು ಎರೆದರು.

ಆ ತಿಂಗಳೇ ಕೆಲಸ ಬಿಟ್ಟೆ.

ಹಾವು ಸತ್ತದ್ದನ್ನು ಅವ್ವನಿಗೆ ಹೇಳಲಿಲ್ಲ. ನಾಗಪ್ಪ ತನ್ನ ಕೈಯಿಂದ ಹಾಲು ಕುಡಿದ ಎಂದು ಓಣಿಗೆಲ್ಲ ಸಾರಿದಳು. ಹೆಣ್ಣುಮಕ್ಕಳು ಬಂದು ಅವಳ ಕಾಲು ಮುಟ್ಟಿ ಹೋಗುತ್ತಿದ್ದರು. ನಾನು ಹೊರಗಿನ ಕಟ್ಟೆಯ ಮೇಲೆ ಹಲ್ಲು ಕಚ್ಚಿ ಕೂತಿರುತ್ತಿದ್ದೆ. ಅವಳು ಇರುವವರೆಗೂ ಪ್ರತಿ ಪಂಚಮಿಗೆ ಎರೆಯುವ ಮೊದಲೇ ಬಟ್ಟಲಲ್ಲಿ ಹಾಲು ತೆಗೆದಿಟ್ಟು ನನ್ನ ಮುಂದೆ ಹಿಡಿಯುತ್ತಿದ್ದಳು. "ಕುಡಿಯಪ್ಪ, ನಿನ್ನ ಪಾಲು."

ಉಸಿರು ಬಿಗಿಹಿಡಿದು ಕುಡಿಯುತ್ತಿದ್ದೆ.