ಅಜ್ಜ ಮಲಗಿರುವ ನೆಲದ ಕಲ್ಲು

ಮೊಮ್ಮಕ್ಕಳೇ, 2002ರಲ್ಲಿ ನಾನು ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಒಂದು ಸಣ್ಣ ಲ್ಯಾಬ್‌ನಲ್ಲಿ ಕಲ್ಲು ಅರೆಯುವ ಕೆಲಸದಲ್ಲಿದ್ದೆ. ವಿಜ್ಞಾನಿಗಳು ಕಳಿಸಿದ ಕಲ್ಲನ್ನು ವಜ್ರದ ಗರಗಸದಲ್ಲಿ ಬಿಲ್ಲೆಯಾಗಿ ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವವರೆಗೆ ಸವೆಸಬೇಕು. ಮೂವತ್ತು ಮೈಕ್ರಾನ್, ಎಂದರೆ ತಲೆಗೂದಲಿಗಿಂತ ತೆಳುವು. ಹಳ್ಳಿಶಾಲೆಯಲ್ಲಿ ಓದಿದ ನನಗೆ ಆ ಕೆಲಸ ಹಿಡಿಸಿತ್ತು, ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ.

ಆ ಚಳಿಗಾಲದಲ್ಲಿ ಡೆಟ್ರಾಯಿಟ್ ಕಡೆಯಿಂದ ಸವಿತಾ ಎಂಬ ಸಂಶೋಧಕಿ, ನಮ್ಮ ಧಾರವಾಡದ ಹುಡುಗಿ, ಕಪ್ಪು ಕಲ್ಲುಗಳ ಪೆಟ್ಟಿಗೆಗಳನ್ನು ತಂದಳು. ಮೇಲೆ ಬರೆದಿದ್ದ ಊರಿನ ಹೆಸರು ಓದಿ ನನ್ನ ಕೈ ನಿಂತಿತು. ಕೆಂಪು ಸಮುದ್ರದ ದಡದ ಆ ಊರಿನ ಬಂದರಿನಲ್ಲೇ ನಿಮ್ಮ ಅಜ್ಜ ಕ್ರೇನ್ ಓಡಿಸುತ್ತಿದ್ದದ್ದು. ಅಲ್ಲೇ ಎದೆನೋವು ಬಂದು ತೀರಿಕೊಂಡರು. ಅದೇ ಸಂಜೆ ಅಲ್ಲೇ ದಫನ್ ಮಾಡಿದರು. ನಾನು ಆ ನೆಲ ನೋಡಿದವಳಲ್ಲ.

“ಈ ಕಲ್ಲು ಬಂದ ಜಾಗ ವೋಲ್ಕ್ಯಾನಿಕ್ ಫೀಲ್ಡ್ ಆಂಟಿ, ಜ್ವಾಲಾಮುಖಿ ಬಯಲು,” ಎಂದಳು ಸವಿತಾ. “ಒಂದ ದೊಡ್ಡ ಗುಡ್ಡ ಅಲ್ಲ. ಮರಳುಗಾಡಿನ ತುಂಬ ಸಣ್ಣ ಸಣ್ಣ ಬಾಯಿ. ಒಂದ ಸಲ ಲಾವಾ ಕಾರಿ ಮುಚ್ಚಿಬಿಡ್ತಾವ. ಮುಂದ ಇನ್ನೆಲ್ಲೋ ತೆರೀತಾವ.”

ಅಂದಿನಿಂದ ನನಗೆ ಒಂದೇ ಸಂಕಟ: ನಿಮ್ಮ ಅಜ್ಜ ಬೆಂಕಿಯ ಮೇಲೆ ಮಲಗಿದ್ದಾರೆಯೇ? ಕೇಳಲು ನಾಚಿಕೆ. ಕಲ್ಲು ಅರೆಯುತ್ತಲೇ ಇದ್ದೆ.

ಮತ್ತೆ ಬಂದಾಗ ಸವಿತಾ ಗಾಜನ್ನು ಬೆಳಕಿಗೆ ಹಿಡಿದು, “ಏನ್ ನುಣುಪ್ರಿ ಆಂಟಿ! ನನ್ನ ಗಂಡನ್ನೂ ಒಂದೀಟು ಪಾಲಿಶ್ ಮಾಡಿ ಕೊಡ್ರಿ,” ಎಂದಳು. ನಕ್ಕೆ. ಆ ನಗುವಿನಲ್ಲೇ ಧೈರ್ಯ ಬಂತು.

“ನಮ್ಮ ಯಜಮಾನ್ರ ಗೋರಿ ಆ ಊರಲ್ಲೇ ಇದೆಯಮ್ಮ. ಊರ ಹಿಂದೆ ಕಪ್ಪು ದಿಬ್ಬ ಇದೆಯಂತೆ, ಅದರ ಬುಡದಲ್ಲಿ. ಆ ನೆಲ ಇನ್ನೂ ಸುಡ್ತಾ ಇದೆಯಾ?”

ಅವಳು ಆ ದಿಬ್ಬದ ಕಲ್ಲಿನ ಬಿಲ್ಲೆ ಹುಡುಕಿ ಮೈಕ್ರೋಸ್ಕೋಪ್‌ಗೆ ಇಟ್ಟು, ನನ್ನನ್ನು ಕೂರಿಸಿದಳು. ನೀಲಿ, ಗುಲಾಬಿ, ಹಸಿರು ಹರಳುಗಳು ಕಂಡವು.

“ಹರಳಿನ ಅಂಚು ನೋಡ್ರಿ, ತುಕ್ಕು ಹಿಡದಂಗ ಕೆಂಪಗಾಗೇತಿ. ಲಾವಾದ ಗಾಳಿಗುಳ್ಳಿ ಒಳಗ ಬೆಳ್ಳಗಿರೋದು ಸುಣ್ಣ. ನೀರು ಇಳಿದಿಳಿದು ಬಿಟ್ಟು ಹೋಗಿದ್ದು. ಈ ದಿಬ್ಬ ತಣ್ಣಗಾಗಿ ಭಾಳ ಭಾಳ ಕಾಲ ಆತು. ಇಡೀ ಫೀಲ್ಡಿಗೆ ಗ್ಯಾರಂಟಿ ಕೊಡಂಗಿಲ್ಲ ಆಂಟಿ. ಇದು ಮಾತ್ರ ತಣ್ಣಗೈತಿ.”

“ನೀರು ಇಳಿದಿದೆಯಾ?”

“ಇಳದೇತ್ರಿ. ಅಲ್ಲೂ ಮಳಿ ಬರ್ತೇತಿ, ಅಪರೂಪಕ್ಕ.”

ನಮ್ಮಲ್ಲಿ ಮಣ್ಣು ಕೊಟ್ಟ ಮೇಲೆ ಗೋರಿಗೆ ನೀರು ಚಿಮುಕಿಸುತ್ತಾರೆ. ಅವರ ಗೋರಿಗೆ ಯಾರು ಚಿಮುಕಿಸಿದರೋ ನನಗೆ ಗೊತ್ತಿಲ್ಲ. ಆ ಬಿಳಿ ಚುಕ್ಕೆಗಳನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ಸವಿತಾ ಎಬ್ಬಿಸಲಿಲ್ಲ.

ಕಲ್ಲನ್ನು ಎಷ್ಟು ಸವೆಸಿದರೂ ಕೇಳದೆ ಅದು ಏನನ್ನೂ ಹೇಳುವುದಿಲ್ಲ. ಕೇಳಲು ನಾಚಬಾರದೆಂದು ಆ ಕೆಲಸ ನನಗೆ ಕಲಿಸಿತು. ಕೇಳಿದ್ದರಿಂದ ಭಯ ಹೋಯಿತು. ಆ ದಿಬ್ಬದ ಬುಡಕ್ಕೆ ನನ್ನ ಕೈಯಾರೆ ಒಂದು ಚೊಂಬು ನೀರು ಹಾಕಬೇಕೆಂಬ ಆಸೆ ಮಾತ್ರ ಹೋಗಿಲ್ಲ.